ಮಾತ್ರೆ ಮೊದಲು, ಪೂಜೆ ಆಮೇಲೆ: ಮಯಸ್ತೀನಿಯಾ ಬಂದವರು ದೇವರ ಮುಂದೆ ಕೂರುವ ಬಗೆ

2017ರ ಶ್ರಾವಣ. ಸ್ಕೂಲು ಮುಗಿಸಿ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಸಂಜೆ ಪೂಜೆಗೆ ಕೂತಿದ್ದೆ. ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದೆ. ಎರಡು ನಿಮಿಷ ಆಗಿರಬೇಕು. ಅಂಗೈ ಮೇಲೆ ಎರಡು ಲಿಂಗ ಕಾಣಿಸಿದವು.

ಕಣ್ಣು ಉಜ್ಜಿಕೊಂಡೆ. ಒಂದು ಕಣ್ಣು ಮುಚ್ಚಿದರೆ ಒಂದೇ ಲಿಂಗ. ಎರಡೂ ತೆರೆದರೆ ಮತ್ತೆ ಎರಡು, ಒಂದರ ಪಕ್ಕ ಒಂದು, ಸ್ವಲ್ಪ ಓರೆಯಾಗಿ. ಅತ್ತೆಗೆ ಹೇಳಿದೆ. "ಶಿವ ಎರಡೆರಡು ಸಲ ಕಾಣಿಸ್ಕೊಂಡಾನ, ನೀನು ಪುಣ್ಯವಂತೆ ಬಿಡು" ಅಂದರು. ಇಬ್ಬರೂ ನಕ್ಕೆವು. ನನ್ನ ನಗು ಸರಿಯಾಗಿ ಬರಲಿಲ್ಲ, ತುಟಿ ಮೇಲಕ್ಕೆ ಎದ್ದು ಹಲ್ಲು ಕಿರಿದ ಹಾಗೆ ಆಯಿತು. ಅದೂ ರೋಗವೇ ಅಂತ ಆಗ ಗೊತ್ತಿರಲಿಲ್ಲ.

ರೋಗದ ಹೆಸರು ಗೊತ್ತಾಗೋಕೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಎರಡು ಸಲ ಕನ್ನಡಕ ಬದಲಾಗಿತ್ತು. ಒಬ್ಬರು "ಟೆನ್ಷನ್ ಜಾಸ್ತಿ ಮಾಡ್ಕೋಬೇಡಿ" ಅಂತ ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಎಡ ರೆಪ್ಪೆ ಇಳಿದು ಅರ್ಧ ಕಣ್ಣು ಮುಚ್ಚಿರುತ್ತಿದ್ದರಿಂದ ಹತ್ತನೇ ಕ್ಲಾಸಿನ ಹುಡುಗರು ನನಗೆ "ನಿದ್ದೆ ಮೇಡಂ" ಅಂತ ಹೆಸರಿಟ್ಟಿದ್ದರು. ಕೊನೆಗೆ ಇಲ್ಲೇ ದಾವಣಗೆರೆಯಲ್ಲಿ ಒಬ್ಬ ನರರೋಗ ವೈದ್ಯರು "ಮೇಲೆ ನೋಡ್ತಾ ಇರಿ ಮೇಡಂ, ಕಣ್ಣು ಮಿಟುಕಿಸಬೇಡಿ" ಅಂತ ಒಂದು ನಿಮಿಷ ಕೂರಿಸಿದರು. ರೆಪ್ಪೆ ನಿಧಾನವಾಗಿ ಅಂಗಡಿ ಶಟರ್ ಇಳಿದ ಹಾಗೆ ಇಳಿಯಿತು. ಕೈಗವಸಿನಲ್ಲಿ ಐಸ್ ತುಂಬಿ ಅದರ ಮೇಲೆ ಎರಡು ನಿಮಿಷ ಇಟ್ಟರು. ಶಟರ್ ಮೇಲೆ ಎದ್ದಿತು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್, ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡುವ ಪರೀಕ್ಷೆ, ರಕ್ತದಲ್ಲಿ ಆಂಟಿಬಾಡಿ ಪರೀಕ್ಷೆ. ಮಯಸ್ತೀನಿಯಾ ಗ್ರೇವಿಸ್.

ಇದು ಹತ್ತು ಸಾವಿರ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುವ ರೋಗ. ಹಾಗಾಗಿ ಇದರ ಜೊತೆ ಬದುಕೋದನ್ನು ಹೇಳಿಕೊಡುವವರು ನೆರೆಹೊರೆಯಲ್ಲಿ ಸಿಗುವುದಿಲ್ಲ. ಪೂಜೆ, ವ್ರತ, ಉಪವಾಸ ಏನು ಮಾಡಬೇಕು ಅಂತ ಹೇಳಿಕೊಡುವವರಂತೂ ಇಲ್ಲವೇ ಇಲ್ಲ. ಡಾಕ್ಟರಿಗೆ ಕೇಳೋಕೆ ಸಂಕೋಚ, ಸ್ವಾಮಿಗಳಿಗೆ ರೋಗ ಗೊತ್ತಿಲ್ಲ. ನಾನು ಬಿದ್ದು ಎದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಲಿಂಗಾಯತಳು, ಹಾಗಾಗಿ ಲಿಂಗಪೂಜೆಯ ಮಾತೇ ಜಾಸ್ತಿ ಬರುತ್ತದೆ. ನಿಮ್ಮ ದೇವರು ಬೇರೆ ಇರಬಹುದು, ಮಾತ್ರೆ ಮಾತ್ರ ಅದೇ ಇರುತ್ತದೆ.

ಮೊದಲು ರೋಗದ ಗಡಿಯಾರ ತಿಳಿದುಕೊಳ್ಳಿ

ವಿಜ್ಞಾನದ ಮೇಡಂ ನಾನು, ಪಾಠ ಮಾಡದೆ ಬಿಡುವುದಿಲ್ಲ. ಸ್ಕೂಲ್ ಗಂಟೆ ನೆನಪಿಸಿಕೊಳ್ಳಿ. ನರದ ತುದಿ ಗಂಟೆ ಹೊಡೆಯುತ್ತದೆ, ಸ್ನಾಯು ಅದನ್ನು ಕೇಳಿ ಎದ್ದು ಕೆಲಸ ಮಾಡುತ್ತದೆ. ಗಂಟೆಯ ಸದ್ದು ಅಂದರೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ. ನಮ್ಮಲ್ಲಿ ಏನಾಗಿದೆ ಅಂದರೆ, ನಮ್ಮದೇ ದೇಹ ತಯಾರಿಸಿದ ಆಂಟಿಬಾಡಿಗಳು ಸ್ನಾಯುವಿನ ಕಿವಿಗೆ ಹತ್ತಿ ತುರುಕಿವೆ. ಮೊದಲ ಗಂಟೆ ಹೇಗೋ ಕೇಳುತ್ತದೆ. ಹತ್ತನೆಯದು, ಇಪ್ಪತ್ತನೆಯದು ಕೇಳುವುದಿಲ್ಲ. ಅದಕ್ಕೇ ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ಸೋಲುತ್ತೇವೆ. ಮೊದಲ ತುತ್ತು ಅಗಿದು ಹತ್ತನೇ ತುತ್ತಿಗೆ ದವಡೆ ನಿಲ್ಲಿಸುತ್ತೇವೆ. ವಿಶ್ರಾಂತಿ ಕೊಟ್ಟರೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ.

ಪಿರಿಡೋಸ್ಟಿಗ್ಮಿನ್ ಮಾತ್ರೆ ಆ ಹತ್ತಿಯನ್ನು ತೆಗೆಯುವುದಿಲ್ಲ. ಗಂಟೆಯ ಸದ್ದು ಬೇಗ ಆರದ ಹಾಗೆ ಮಾಡುತ್ತದೆ, ಅಷ್ಟೇ. ನುಂಗಿದ ಅರ್ಧ ಮುಕ್ಕಾಲು ಗಂಟೆಗೆ ಕೆಲಸ ಶುರು, ಮೂರು ನಾಲ್ಕು ಗಂಟೆಗೆ ಮುಗಿಯಿತು. ಹತ್ತಿ ತುರುಕುವವರನ್ನು ಕಡಿಮೆ ಮಾಡೋಕೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್, ಅಜಥಯೊಪ್ರಿನ್ ತರಹದ ಬೇರೆ ಮಾತ್ರೆಗಳಿವೆ. ಅವು ನಿಧಾನ. ಅಜಥಯೊಪ್ರಿನ್ ಪೂರ್ತಿ ಹಿಡಿಯೋಕೆ ಒಂದು ವರ್ಷವೇ ಆಗಬಹುದು.

ಈಗ ಪೂಜೆಗೆ ಬನ್ನಿ. ನಿಮ್ಮ ಕೈಯಲ್ಲಿ ದಿನಕ್ಕೆ ಇಷ್ಟು ಅಂತ ಶಕ್ತಿ ಇದೆ. ಅದು ಮಾತ್ರೆಯ ಗಡಿಯಾರದ ಪ್ರಕಾರ ಏರುತ್ತದೆ, ಇಳಿಯುತ್ತದೆ. ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ: ಮಾತ್ರೆ ಎಷ್ಟು ಗಂಟೆಗೆ, ರೆಪ್ಪೆ ಯಾವಾಗ ಎದ್ದಿತು, ಮಾತು ಯಾವಾಗ ಮೂಗಿನಲ್ಲಿ ಬರೋಕೆ ಶುರುವಾಯಿತು. ನನ್ನ ಒಳ್ಳೆಯ ಹೊತ್ತು ಬೆಳಿಗ್ಗೆ 6:45ರಿಂದ 8:30. ಪೂಜೆ ಅಲ್ಲಿಗೆ ಬಂತು. ಸಂಜೆ ಪೂಜೆ ಬಿಟ್ಟೆ. ಬಿಟ್ಟಾಗ ಬೇಜಾರಾಯಿತು, ಇಲ್ಲ ಅನ್ನಲ್ಲ. ಆದರೆ ಸೋತ ಕಣ್ಣಲ್ಲಿ ಎರಡು ಲಿಂಗ ನೋಡುತ್ತಾ ಅಳುವುದಕ್ಕಿಂತ ಬೆಳಿಗ್ಗೆ ಒಂದು ಲಿಂಗ ನೆಮ್ಮದಿಯಾಗಿ ನೋಡುವುದು ಮೇಲು.

ಪೂಜೆಗೆ ಮುಂಚೆ ಬಿಸ್ಕತ್ತು

ಬೆಳಿಗ್ಗೆ 6:45ಕ್ಕೆ ಕೈ ಏಳಬೇಕು ಅಂದರೆ 6 ಗಂಟೆಗೆ ಮಾತ್ರೆ ಒಳಗೆ ಹೋಗಿರಬೇಕು. ಖಾಲಿ ಹೊಟ್ಟೆಗೆ ತಗೊಂಡರೆ ನನಗೆ ಹೊಟ್ಟೆ ಹಿಂಡುತ್ತದೆ, ಬಾತ್‌ರೂಮಿಗೆ ಓಡಬೇಕಾಗುತ್ತದೆ. ಹಾಗಾಗಿ ಮಾತ್ರೆ ಜೊತೆ ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಕೂಡ ಹಾಕುವ ಪದ್ಧತಿ ಇಲ್ಲ. ಅತ್ತೆ ಎಪ್ಪತ್ತೆಂಟು ವರ್ಷ ಹಾಗೇ ನಡೆದುಕೊಂಡು ಬಂದವರು.

"ಪೂಜೆಗೆ ಮುಂಚೆ ಬಾಯಿ ಎಂಜಲು ಮಾಡ್ಕೋಬಾರ್ದು ಕಣವ್ವಾ" ಅಂದರು. ಗದರಿ ಅಲ್ಲ, ನೊಂದುಕೊಂಡು. ನನಗೂ ಒಳಗೆ ಅದೇ ಅಳುಕು. ಒಂದು ತಿಂಗಳು ಪೂಜೆ ಮಾಡಿ ಆಮೇಲೆ ಮಾತ್ರೆ ತಗೊಂಡೆ. ಕೈ ನಡುಗಿ ಲಿಂಗ ಬಿದ್ದೀತು ಅನ್ನುವ ಹೆದರಿಕೆಯಲ್ಲಿ ಒಂದು ದಿನವೂ ಮನಸ್ಸು ನಿಲ್ಲಲಿಲ್ಲ.

ದಾರಿ ನಮ್ಮ ಪದ್ಧತಿಯೊಳಗೇ ಇತ್ತು. ಲಿಂಗಕ್ಕೆ ಅರ್ಪಿಸದೆ ಏನನ್ನೂ ತಗೊಳ್ಳಬಾರದು, ಅರ್ಪಿಸಿದ್ದು ಪ್ರಸಾದ. ಇದು ತಾನೇ ನಿಯಮ? ಒಂದು ಬೆಳಿಗ್ಗೆ ಕರಡಿಗೆ ತೆರೆದು, ಮಾತ್ರೆ ಬಿಸ್ಕತ್ತು ಎರಡನ್ನೂ ಲಿಂಗಕ್ಕೆ ತೋರಿಸಿ, "ಓಂ ನಮಃ ಶಿವಾಯ" ಅಂದು ನುಂಗಿದೆ. ಆಮೇಲೆ ಸ್ನಾನ, ಆಮೇಲೆ ಪೂಜೆ. ಮಾತ್ರೆ ಪ್ರಸಾದ ಆಯಿತು. ಪ್ರಸಾದ ಅಂದ ಮೇಲೆ ಯಾರಾದರೂ ಬೇಡ ಅಂತಾರಾ, ಮರೀತಾರಾ? ಆವತ್ತಿನಿಂದ ಬೆಳಗಿನ ಮಾತ್ರೆ ನಾನು ಮರೆತಿಲ್ಲ. ಮಧ್ಯಾಹ್ನದ್ದು ಮರೀತೀನಿ, ಅದು ಬೇರೆ ವಿಷಯ, ಅದಕ್ಕೆ ಮೊಬೈಲಿನಲ್ಲಿ ಅಲಾರಂ ಇದೆ.

ಅತ್ತೆಯನ್ನು ಒಪ್ಪಿಸಿದ್ದು ಒಂದು ಕಥೆ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ, ಸೇಂಟ್ ಆಲ್ಫೇಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಅಂತ ಒಬ್ಬ ವೈದ್ಯೆ ಇದ್ದರು. ಈ ರೋಗದ ಲಕ್ಷಣ ಕ್ಯುರಾರೆ ವಿಷ ಏರಿದವರ ಹಾಗೇ ಇದೆ ಅಂತ ಅವರಿಗೆ ಹೊಳೆಯಿತು. ಕ್ಯುರಾರೆಗೆ ಪ್ರತಿಮದ್ದಾದ ಫೈಸೊಸ್ಟಿಗ್ಮಿನ್ ಚುಚ್ಚಿ ನೋಡಿದರು. ಬಿದ್ದಿದ್ದ ರೆಪ್ಪೆ ಎದ್ದಿತು. ಜನ ಅದನ್ನು ಸೇಂಟ್ ಆಲ್ಫೇಜ್ ಪವಾಡ ಅಂತಲೇ ಕರೆದರು. ನನ್ನ ಮಾತ್ರೆ ಆ ಮದ್ದಿನ ಜಾತಿಯದೇ. ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪವಾಡ ಅಂದ್ಯಲ್ಲ, ಯಾವ ಶರಣರ ಕಾಲದ್ದು?" "ಬ್ರಿಟಿಷರ ಕಾಲದ್ದು ಅತ್ತೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಜಗಲಿ ಮೇಲೆ ವಿಭೂತಿ ಗಟ್ಟಿಯ ಪಕ್ಕ ಒಂದು ಸಣ್ಣ ತಟ್ಟೆ, ಅದರಲ್ಲಿ ಎರಡು ಬಿಸ್ಕತ್ತು ಇದ್ದವು.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಜಗಳಕ್ಕೆ ಹೋಗಬೇಡಿ. ಅವರ ನಿಯಮದೊಳಗೇ ಒಂದು ಕಿಟಕಿ ಇರುತ್ತದೆ. ಕಾಯಿಲೆಯವರಿಗೆ ಉಪವಾಸ ಬೇಡ ಅನ್ನುವ ಮಾತು ಎಲ್ಲ ಧರ್ಮದಲ್ಲೂ ಒಂದಲ್ಲ ಒಂದು ರೀತಿ ಇದೆ. ಆಸ್ಪತ್ರೆಯ ಸಾಲಿನಲ್ಲಿ ಹರಿಹರದ ಒಬ್ಬ ಮುಸ್ಲಿಂ ಅಕ್ಕ ಸಿಕ್ಕಿದ್ದರು, ಅದೇ ರೋಗ. ಅವರು ಕುರ್ಚಿ ಮೇಲೆ ಕೂತು ನಮಾಜ್ ಮಾಡುತ್ತಾರೆ, ಬಗ್ಗೋಕೆ ಆಗದ ದಿನ ತಲೆ ಅಲ್ಲಾಡಿಸಿದರೆ ಸಾಕಂತೆ. ರೋಜಾ ಹಿಡಿಯುವ ಬದಲು ಬಡವರಿಗೆ ಊಟ ಕೊಡುತ್ತಾರೆ, ಅದಕ್ಕೆ ಫಿದಿಯಾ ಅಂತಾರೆ. "ನಮ್ಮಲ್ಲಿ ಇದು ರಿಯಾಯಿತಿ ಅಲ್ಲ ಅಕ್ಕಾ, ಹುಕುಂ" ಅಂದರು. ಆ ಮಾತು ನನಗೆ ಒಂದು ವರ್ಷ ಮುಂಚೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಯಾಕೆಂದರೆ ಆ ಶಿವರಾತ್ರಿ

2019ರ ಮಾರ್ಚ್, ರೋಗ ಗೊತ್ತಾದ ಮೇಲಿನ ಶಿವರಾತ್ರಿ. ನಾನು ಸ್ವಲ್ಪ ಸುಧಾರಿಸಿದ್ದೆ. ಆ ಧೈರ್ಯಕ್ಕೆ ನಿರಾಹಾರ ಉಪವಾಸ ಹಿಡಿದೆ. ಊಟ ಇಲ್ಲ ಅಂದ ಮೇಲೆ ಮಾತ್ರೆಯೂ ಇಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಒಂದು ದಿನ ತಾನೇ? ರಾತ್ರಿ ಮಠದಲ್ಲಿ ಜಾಗರಣೆ. ಭಜನೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದೆ. ಹನ್ನೊಂದರ ಹೊತ್ತಿಗೆ ಧ್ವನಿ ಮೂಗಿಗೆ ಹತ್ತಿತು. ಹನ್ನೆರಡಕ್ಕೆ ತಲೆ ನಿಲ್ಲದೆ ಎದೆಗೆ ಬಾಗುತ್ತಿತ್ತು, ಗಲ್ಲಕ್ಕೆ ಕೈ ಊರಿಕೊಂಡು ಕೂತೆ. ಪಕ್ಕದವರು ನಿದ್ದೆ ಅಂದುಕೊಂಡರು. ಒಂದು ಗಂಟೆಗೆ ತೀರ್ಥ ಕೊಟ್ಟರು. ಬಾಯಿಗೆ ಹಾಕಿಕೊಂಡದ್ದು ಮೂಗಿನಿಂದ ಹೊರಗೆ ಬಂತು.

ನಮ್ಮ ಮನೆಯವರು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ನಾನು ಸೀಟಿನಲ್ಲಿ ಒರಗೋಕೂ ಆಗದೆ ಮುಂದೆ ಬಾಗಿ ಕೂತು ಉಸಿರು ಎಳೆಯುತ್ತಿದ್ದೆ. ಐಸಿಯು, ಗಂಟಲಿಗೆ ಟ್ಯೂಬು, ವೆಂಟಿಲೇಟರ್, ಐದು ದಿನ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯ ಡ್ರಿಪ್. ದಿನಾ ತಗೊಳ್ಳುವ ಸ್ಟೀರಾಯ್ಡ್ ಒಮ್ಮೆಲೇ ನಿಲ್ಲಿಸಬಾರದು ಅಂತ ನಾನೇ ನಾಲ್ಕು ಜನಕ್ಕೆ ಹೇಳುತ್ತಿದ್ದವಳು.

ಮನೆಗೆ ಬಂದ ಮೇಲೆ ಮಠಕ್ಕೆ ಹೋಗಿ ಸ್ವಾಮಿಗಳಿಗೆ ಎಲ್ಲ ಹೇಳಿದೆ. ಅವರು ಸಿಟ್ಟಾದರು. "ಶಿವ ನಿನ್ನ ಹತ್ರ ಉಪವಾಸ ಕೇಳಿದ್ನೇನವ್ವಾ? ಯಾರಿಗೆ ತೋರಿಸೋಕೆ ಮಾಡಿದೆ?" ಉತ್ತರ ನನ್ನ ಹತ್ತಿರ ಇರಲಿಲ್ಲ. ನಿಜ ಹೇಳಬೇಕು ಅಂದರೆ, ಆ ಉಪವಾಸದಲ್ಲಿ ಭಕ್ತಿಗಿಂತ ಜಂಬ ಇತ್ತು. ರೋಗ ಬಂದರೂ ನಾನು ಬಗ್ಗಲ್ಲ ಅನ್ನುವ ಜಂಬ.

ಈಗ ನಮ್ಮ ಮನೆಯ ಶಿವರಾತ್ರಿ ಹೀಗೆ: ನಾನು ಮೂರು ಹೊತ್ತೂ ತಿನ್ನುತ್ತೇನೆ. ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳುತ್ತೇನೆ. ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೊನೆಯ ಜಾವದ ಪೂಜೆಗೆ ಕೂರುತ್ತೇನೆ. ಜಾಗರಣೆಯ ಪಾಳಿ ಮಗಳದು.

ಕಲಿತದ್ದನ್ನು ಪಟ್ಟಿ ಮಾಡಿ ಹೇಳುವುದಿಲ್ಲ. ಇಷ್ಟನ್ನು ಮಾತ್ರ ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿ: ನುಂಗೋಕೆ ಆಗದಿದ್ದರೆ, ಜೊಲ್ಲು ಒಳಗೆ ಇಳಿಯದಿದ್ದರೆ, ಮಲಗಿದರೆ ಉಸಿರು ಕಟ್ಟಿದರೆ, ತಲೆ ನಿಲ್ಲದಿದ್ದರೆ ಆಗ ವಿಭೂತಿ ಹಚ್ಚಿ ನೋಡುವ ಹೊತ್ತಲ್ಲ, ಆಸ್ಪತ್ರೆಗೆ ಹೊರಡುವ ಹೊತ್ತು. ಒಂದು ಮಾತ್ರೆ ಜಾಸ್ತಿ ತಗೊಂಡು ನೋಡೋಣ ಅನ್ನುವುದೂ ಬೇಡ. ಈ ಮಾತ್ರೆ ಮಿತಿ ಮೀರಿದರೂ ಸ್ನಾಯು ಸೋಲುತ್ತದೆ. 108 ಜಪಕ್ಕೂ ಇರಲಿ, ಫೋನಿನಲ್ಲೂ ಇರಲಿ.

ನನ್ನ ಡಾಕ್ಟರ್ ಒಂದು ಸುಲಭದ ಅಳತೆ ಹೇಳಿಕೊಟ್ಟಿದ್ದಾರೆ. ದೀರ್ಘವಾಗಿ ಉಸಿರೆಳೆದು, ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುವುದು. ಒಳ್ಳೆಯ ದಿನ ನಾನು 38, 40ರ ತನಕ ಹೋಗುತ್ತೇನೆ. 20ರ ಕೆಳಗೆ ಇಳಿದರೆ ಕಾಯದೆ ಬನ್ನಿ ಅಂದಿದ್ದಾರೆ. ನಿಮ್ಮ ಅಂಕಿಯನ್ನು ನಿಮ್ಮ ಡಾಕ್ಟರನ್ನೇ ಕೇಳಿ. ನಾನು ಇದನ್ನು ಪೂಜೆಗೆ ಕೂತ ತಕ್ಷಣ, ಮಂತ್ರಕ್ಕೆ ಮುಂಚೆ ಮಾಡುತ್ತೇನೆ. ಪಕ್ಕದ ಮನೆಯವರು ನಾನು ಯಾವುದೋ ಹೊಸ ಮಂತ್ರ ಕಲಿತಿದ್ದೇನೆ ಅಂದುಕೊಂಡಿದ್ದಾರೆ.

ಕೈ, ಕಣ್ಣು, ಗಂಟಲು

ಪೂಜೆಯ ವಿಧಾನದಲ್ಲಿ ನಾನು ಮಾಡಿಕೊಂಡ ಬದಲಾವಣೆ ಸಣ್ಣವು. ಎಡಗೈ ಎತ್ತಿ ಹಿಡಿಯುವುದೇ ಕಷ್ಟ ಇತ್ತು. ಈಗ ನೆಲಕ್ಕೆ ಕೂರುವುದಿಲ್ಲ. ಕೈ ಇರುವ ಕುರ್ಚಿ, ಮುಂದೆ ಒಂದು ಎತ್ತರದ ಸ್ಟೂಲು, ಅದರ ಮೇಲೆ ಎರಡು ದಿಂಬು. ಮೊಣಕೈ ದಿಂಬಿನ ಮೇಲೆ ಊರಿದರೆ ಅಂಗೈ ತಾನಾಗೇ ಎದೆ ಮಟ್ಟಕ್ಕೆ ಬರುತ್ತದೆ. ಕಣ್ಣಿನ ಮಟ್ಟಕ್ಕೇ ಎತ್ತಬೇಕು ಅಂತ ಹಟ ಬಿಟ್ಟೆ. ದೃಷ್ಟಿಯನ್ನು ಕೆಳಗೆ ಇಳಿಸಿ ನೋಡಿದರೆ ರೆಪ್ಪೆಗೂ ಆರಾಮ, ಮೇಲೆ ನೋಡಿದಷ್ಟೂ ಅದು ಬೇಗ ಸೋಲುತ್ತದೆ.

ಎರಡೆರಡು ಕಾಣುವ ದಿನ ಒಂದು ಕಣ್ಣಿಗೆ ಬಟ್ಟೆ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಇವತ್ತು ಎಡಕ್ಕೆ ಆದರೆ ನಾಳೆ ಬಲಕ್ಕೆ. ಮೊದಮೊದಲು ಕನ್ನಡಿ ನೋಡಿಕೊಂಡರೆ ನಾಟಕದ ಕಳ್ಳನ ಹಾಗೆ ಕಾಣುತ್ತಿದ್ದೆ. ಅಭಿಷೇಕದ ತಂಬಿಗೆ ಭಾರ, ಅದರ ಬದಲು ಉದ್ದರಣೆಯಲ್ಲಿ ಮೂರು ಸಲ ನೀರು. ಪತ್ರೆ ಒಂದೇ ದಳ. ಆರತಿ ಎತ್ತುವುದು ಮಗಳು.

ಮಂತ್ರವನ್ನು ಬಾಯಿಬಿಟ್ಟು ಹೇಳುವುದು ಹನ್ನೊಂದು ಸಲ ಮಾತ್ರ. ಉಳಿದದ್ದು ಮನಸ್ಸಿನಲ್ಲಿ. ಮನಸ್ಸಿಗೆ ಮಯಸ್ತೀನಿಯಾ ಬರುವುದಿಲ್ಲ ನೋಡಿ, ಅದು ಎಷ್ಟು ಸಲ ಹೇಳಿದರೂ ಮೂಗಿನಲ್ಲಿ ಮಾತಾಡುವುದಿಲ್ಲ. 108 ಮಣಿಯ ರುದ್ರಾಕ್ಷಿ ಸರ ಬಿಟ್ಟು 27 ಮಣಿಯದ್ದು ತಗೊಂಡೆ. ಹೆಬ್ಬೆರಳು ಸೋತರೆ ಅಲ್ಲಿಗೆ ನಿಲ್ಲಿಸುತ್ತೇನೆ, ಮಧ್ಯಾಹ್ನ ಮಲಗಿಕೊಂಡು ಮುಂದುವರಿಸುತ್ತೇನೆ.

ಇನ್ನೊಂದು ಮಾತು, ಬಿಸಿನೀರು. ಪೂಜೆಗೆ ಮುಂಚೆ ಹಂಡೆಯಿಂದ ಕುದಿಯುವ ಹಾಗೆ ನೀರು ತೋಡಿಕೊಂಡು ಸ್ನಾನ ಮಾಡುವುದು ನಮ್ಮ ಕಡೆ ಅಭ್ಯಾಸ. ಶಾಖ ಈ ರೋಗಕ್ಕೆ ಆಗುವುದಿಲ್ಲ, ಸ್ನಾಯು ಬೇಗ ಸೋಲುತ್ತದೆ. ಐಸ್ ಇಟ್ಟಾಗ ರೆಪ್ಪೆ ಎದ್ದದ್ದು ನೆನಪಿದೆಯಲ್ವಾ, ಅದರ ಉಲ್ಟಾ. ಉಗುರುಬೆಚ್ಚಗಿನ ನೀರು ಸಾಕು.

ಪ್ರಸಾದ ಅಂದರೆ ನಮ್ಮ ಮಠದಲ್ಲಿ ಗೋಧಿ ಹುಗ್ಗಿ. ಅದಕ್ಕಿಂತ ಒಳ್ಳೆಯ ಊಟ ನಮಗೆ ಇಲ್ಲ, ಅಗಿಯುವುದೇ ಬೇಡ. ಖಡಕ್ ರೊಟ್ಟಿಯನ್ನು ಮಾತ್ರ ಹಾಲಿನಲ್ಲಿ ನೆನೆಸದೆ ಮುಟ್ಟಬೇಡಿ.

ಆಸ್ಪತ್ರೆಯಲ್ಲಿ ಲಿಂಗ

ಮೈಮೇಲಿನ ಲಿಂಗ ಎಂದೂ ಅಗಲಬಾರದು ಅಂತ ಹೇಳಿಸಿಕೊಂಡು ಬೆಳೆದವಳು ನಾನು. ಎದೆಯ ಸಿಟಿ ಸ್ಕ್ಯಾನ್ ಅಂದಾಗ ಕೈಕಾಲು ತಣ್ಣಗಾದವು. ಎದೆಮೂಳೆಯ ಹಿಂದೆ ಥೈಮಸ್ ಅನ್ನುವ ಗ್ರಂಥಿ ಇರುತ್ತದೆ, ಈ ರೋಗದಲ್ಲಿ ಅದನ್ನು ನೋಡಲೇಬೇಕು. ಸುಮಾರು ನೂರಕ್ಕೆ ಹತ್ತು ಹದಿನೈದು ಜನರಲ್ಲಿ ಅಲ್ಲಿ ಗಡ್ಡೆ ಇರುತ್ತದೆ. ಟೆಕ್ನಿಷಿಯನ್ ಹುಡುಗ "ಮೈಮೇಲಿನ ಬೆಳ್ಳಿ ಬಂಗಾರ ಎಲ್ಲ ತೆಗೀರಿ ಅಮ್ಮ" ಅಂದ. ನನ್ನ ಕರಡಿಗೆ ಬೆಳ್ಳಿಯದು, ಸರಿಯಾಗಿ ಎದೆ ಮಧ್ಯೆ.

ಕೇಳಿದೆ. ಕೇಳಿದ್ದೇ ಒಳ್ಳೆಯದಾಯಿತು. "ಎದೆ ಮೇಲೆ ಬೇಡ, ಬೆಳ್ಳಿ ಬೇಡ. ಲಿಂಗ ಬಟ್ಟೇಲಿ ಸುತ್ತಿ ಕೈಯಲ್ಲಿ ಹಿಡ್ಕೊಳ್ಳಿ. ಕೈ ಹೇಗೂ ತಲೆ ಹಿಂದೆ ಚಾಚ್ತೀರಲ್ಲ, ಅಲ್ಲಿ ಸ್ಕ್ಯಾನ್ ಬರಲ್ಲ" ಅಂದ. ಕರಡಿಗೆಯನ್ನು ಅವ್ವನ ಕೈಗೆ ಕೊಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದು, ಎರಡೂ ತೋಳು ತಲೆ ಹಿಂದೆ ಚಾಚಿ ಮಲಗಿದೆ. ತೋಳು ನಡುಗುತ್ತಿತ್ತು. ಮೆಷಿನ್ನು "ಉಸಿರು ಹಿಡಿಯಿರಿ" ಅಂದಾಗ ಮುಷ್ಟಿಯನ್ನೂ ಹಿಡಿದೆ. ಅಷ್ಟು ಗಟ್ಟಿಯಾಗಿ ನಾನು ಯಾವ ಪೂಜೆಯಲ್ಲೂ ಹಿಡಿದಿರಲಿಲ್ಲ.

ಅದೇ ವರ್ಷ ಥೈಮಸ್ ತೆಗೆಯುವ ಆಪರೇಷನ್ ಆಯಿತು. ಆಗ ಆ ಅನುಕೂಲವೂ ಇಲ್ಲ. ಥಿಯೇಟರಿಗೆ ಒಂದು ದಾರವೂ ಹೋಗುವಂತಿಲ್ಲ, ಹೋಗಲೂಬಾರದು. ಸ್ವಾಮಿಗಳನ್ನು ಮುಂಚೆಯೇ ಕೇಳಿಕೊಂಡು ಹೋಗಿದ್ದೆ. "ಅಂಗೈ ಮೇಲಿರೋದು ಇಷ್ಟಲಿಂಗ. ಪ್ರಾಣಲಿಂಗ ನಿನ್ನ ಒಳಗೈತಿ. ಅದನ್ನ ಯಾವ ಡಾಕ್ಟರ್ ತೆಗೀತಾನ?" ಅಂದಿದ್ದರು. ಅವ್ವ ಲಿಂಗವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನಾಲ್ಕು ಗಂಟೆ ಥಿಯೇಟರ್ ಬಾಗಿಲ ಮುಂದೆ ಕೂತಿದ್ದಳು, ಬಾತ್‌ರೂಮಿಗೂ ಏಳದೆ.

ನೀವೂ ಇಂಥವನ್ನು ಹಿಂದಿನ ದಿನವೇ ಕೇಳಿ ತೀರ್ಮಾನ ಮಾಡಿಕೊಳ್ಳಿ: ತಾಳಿ, ಜನಿವಾರ, ತಾಯಿತ, ಶಿಲುಬೆ ಏನೇ ಇರಲಿ. ಸ್ಟ್ರೆಚರ್ ಮೇಲೆ ಮಲಗಿದ ಮೇಲೆ ವಾದ ಬೇಡ. ಎಂಆರ್‌ಐ ಆದರೆ ಲೋಹದ್ದು ಯಾವುದೂ ಕೋಣೆಯೊಳಗೇ ಹೋಗಬಾರದು, ಅಲ್ಲಿ ಮಾತೇ ಇಲ್ಲ.

ಮತ್ತೆ, ಲಿಂಗದ ಜೊತೆ ನಾನು ಸದಾ ಇಟ್ಟುಕೊಳ್ಳುವ ಇನ್ನೊಂದು ವಸ್ತು ಇದೆ. ಒಂದು ಚೀಟಿ. ಪ್ಲಾಸ್ಟಿಕ್ ಹಾಕಿಸಿ ಪರ್ಸಿನಲ್ಲಿ ಇಟ್ಟಿದ್ದೇನೆ. "ನನಗೆ ಮಯಸ್ತೀನಿಯಾ ಗ್ರೇವಿಸ್ ಇದೆ. ಈ ಔಷಧಿ ಕೊಡುವ ಮುನ್ನ ನನ್ನ ನರರೋಗ ವೈದ್ಯರಿಗೆ ಫೋನ್ ಮಾಡಿ" ಅಂತ ಬರೆದು, ಕೆಳಗೆ ಹೆಸರುಗಳು: ಸಿಪ್ರೊಫ್ಲಾಕ್ಸಸಿನ್ ಮತ್ತು ಅದರ ಗುಂಪು, ಜೆಂಟಾಮೈಸಿನ್, ಅಜಿತ್ರೊಮೈಸಿನ್, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ, ಬೀಟಾ ಬ್ಲಾಕರ್. ಒಂದು ಸಲ ಉರಿಮೂತ್ರ ಅಂತ ಒಂದು ಕ್ಲಿನಿಕ್ಕಿಗೆ ಹೋದಾಗ ಇದರಲ್ಲೊಂದು ಬರೆದುಕೊಟ್ಟರು, ನಾನೂ ರೋಗದ ಹೆಸರು ಹೇಳಿರಲಿಲ್ಲ. ಎರಡನೇ ದಿನ ಬಾಚಣಿಗೆ ತಲೆ ತನಕ ಏಳಲಿಲ್ಲ. ಈ ಚೀಟಿಯನ್ನು ವಿಭೂತಿಯ ಹಾಗೆ ಇಟ್ಟುಕೊಳ್ಳಿ, ಇಲ್ಲದೆ ಹೊರಗೆ ಹೋಗಬೇಡಿ.

ಜನರ ಬಾಯಿ, ನನ್ನ ಸಿಟ್ಟು

"ಹಿಂದಿನ ಜನ್ಮದ್ದು." "ಯಾರೋ ಮಾಡಿಸಿರಬೇಕು." "ಆ ದೇವರಿಗೆ ಉರುಳು ಸೇವೆ ಹರಕೆ ಹೊತ್ತುಕೋ." "ಮಾತ್ರೆ ಬಿಟ್ಟು ನಾಟಿ ಔಷಧಿ ತಗೋ, ನಮ್ಮ ಭಾವನ ಮಗನಿಗೆ ಲಕ್ವ ಹೋಯ್ತು." ಇವೆಲ್ಲ ಬರುತ್ತವೆ. ಹೇಳುವವರು ಕೆಟ್ಟವರಲ್ಲ. ನಾನು ಕಂಡುಕೊಂಡ ಉತ್ತರ ಒಂದೇ: "ಆಗಲಿ, ಡಾಕ್ಟರನ್ನ ಕೇಳ್ತೀನಿ." ಇದಕ್ಕೆ ಮುಂದೆ ಮಾತು ಬೆಳೆಯುವುದಿಲ್ಲ. ಹಿಂದಿನ ಜನ್ಮದ ಮಾತಿಗೆ ಮಾತ್ರ ನಾನು ಸುಮ್ಮನಿರುವುದಿಲ್ಲ. ಆಂಟಿಬಾಡಿಗೆ ಜಾತಕ ಓದೋಕೆ ಬರುವುದಿಲ್ಲ.

ಸಿಟ್ಟು ಬರುತ್ತದೆ, ದೇವರ ಮೇಲೆ. ಐಸಿಯುನಿಂದ ಬಂದ ಮೇಲೆ ಎರಡು ತಿಂಗಳು ನಾನು ಕರಡಿಗೆ ತೆರೆಯಲೇ ಇಲ್ಲ. ಕೊರಳಲ್ಲಿ ಇತ್ತು, ಅಷ್ಟೇ. ಯಾರಿಗೂ ಹೇಳಲಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಪೂಜೆ ಕೋಣೆಗೆ ಹೋಗಿ, ಕುರ್ಚಿ ಮೇಲೆ ಸುಮ್ನೆ ಇಪ್ಪತ್ತು ನಿಮಿಷ ಕೂತು ಎದ್ದು ಬರುತ್ತಿದ್ದೆ. ಹೀಗೆ ಆದರೆ ನನ್ನ ಸಲಹೆ ಅದೇ: ಮಂತ್ರ ಬೇಡ ಅನ್ನಿಸಿದರೆ ಬಿಡಿ, ಕೂರುವ ಹೊತ್ತನ್ನು ಬಿಡಬೇಡಿ. ಬೈಯಬೇಕು ಅನ್ನಿಸಿದರೆ ಅಲ್ಲೇ ಕೂತು ಬೈಯಿರಿ. ನಾನು ಬೈದಿದ್ದೇನೆ, ಕನ್ನಡದಲ್ಲಿ, ಕ್ಲಾಸಿನಲ್ಲಿ ಹೇಳೋಕಾಗದ ಮಾತುಗಳಲ್ಲಿ. ಒಂದು ದಿನ ಬೈಯೋಕೆ ಏನೂ ಉಳಿದಿರಲಿಲ್ಲ. ಕರಡಿಗೆ ತೆರೆದೆ.

ಇದರಿಂದ ರೋಗ ಹೋಯಿತಾ ಅಂತ ಕೇಳಿದರೆ, ಇಲ್ಲ. ಪೂಜೆಯಿಂದ ನನ್ನ ಆಂಟಿಬಾಡಿ ಕಡಿಮೆ ಆಗಿಲ್ಲ, ಅದಕ್ಕೆ ಆಪರೇಷನ್ನು, ಅಜಥಯೊಪ್ರಿನ್ನು, ಅದರ ಜೊತೆ ತಪ್ಪದೆ ರಕ್ತ ಪರೀಕ್ಷೆ ಇವೆ. ಪೂಜೆ ಕೊಟ್ಟದ್ದು ಬೇರೆ. ರಾತ್ರಿ ಮೂರು ಗಂಟೆಗೆ ಎಚ್ಚರಾಗಿ, ಉಸಿರು ನಿಂತರೆ ಅನ್ನುವ ಹೆದರಿಕೆ ಬಂದಾಗ, ಎದೆ ಮೇಲೆ ಕೈ ಇಟ್ಟರೆ ಕರಡಿಗೆ ಸಿಗುತ್ತದೆ. ಅದು ಉಸಿರಿನ ಜೊತೆ ಏರಿ ಇಳಿಯುತ್ತಿರುತ್ತದೆ. ಏರುತ್ತಿದೆ ಅಂದರೆ ಉಸಿರಾಡುತ್ತಿದ್ದೇನೆ ಅಂತ ತಾನೇ? ಹತ್ತು ಸಲ ಎಣಿಸುತ್ತೇನೆ, ನಿದ್ದೆ ಬರುತ್ತದೆ.

ಕಾಯಕ, ಕೊಟ್ಟೂರು, ಅರ್ಧ ಲೋಟ

ಕಾಯಕವೇ ಕೈಲಾಸ ಅಂತ ಕೇಳಿ ಬೆಳೆದವರಿಗೆ ಮಧ್ಯಾಹ್ನ ಎರಡು ಗಂಟೆಗೆ ಮಲಗುವುದು ಪಾಪ ಅನ್ನಿಸುತ್ತದೆ. ನನಗೆ ಅನ್ನಿಸುತ್ತಿತ್ತು. ಈಗ ಮಲಗುತ್ತೇನೆ, ನಲವತ್ತು ನಿಮಿಷ, ಸ್ಟಾಫ್ ರೂಮಿನಲ್ಲಿ ಎರಡು ಕುರ್ಚಿ ಜೋಡಿಸಿ. ಹೆಡ್ ಮೇಡಂ ನನ್ನ ಪೀರಿಯಡ್ಡುಗಳನ್ನೆಲ್ಲ ಬೆಳಿಗ್ಗೆಗೆ ಹಾಕಿಕೊಟ್ಟಿದ್ದಾರೆ. ಬೋರ್ಡಿನ ಮೇಲೆ ಹುಡುಗರೇ ಬರೆಯುತ್ತಾರೆ, ತಪ್ಪು ಬರೆದರೆ ನಾನು ಕೂತಲ್ಲಿಂದ ಕೂಗುತ್ತೇನೆ. ಕೂಗುವುದಕ್ಕೂ ಲೆಕ್ಕ ಇದೆ ಅಂತ ಅವರಿಗೆ ಗೊತ್ತು, ಹಾಗಾಗಿ ತಪ್ಪು ಕಡಿಮೆಯಾಗಿದೆ.

ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಸಾವಿರಾರು ಜನ ನಡೆದುಕೊಂಡೇ ಹೋಗುತ್ತಾರೆ. ನಾನು ಹದಿನಾಲ್ಕು ವರ್ಷ ನಡೆದವಳು. ಈಗ ನಡೆಯೋಕೆ ಆಗುವುದಿಲ್ಲ. ಇಮ್ಯೂನಿಟಿ ತಗ್ಗಿಸುವ ಮಾತ್ರೆ ತಗೊಳ್ಳುವವರು ತೇರಿನ ನೂಕುನುಗ್ಗಲಿಗೆ ಹೋಗುವುದೂ ಒಳ್ಳೆಯದಲ್ಲ, ಒಂದು ಜ್ವರ ಸಾಕು ರೋಗ ಕೆರಳೋಕೆ. ಮೊದಲ ವರ್ಷ ಪಾದಯಾತ್ರೆಯವರು ಹೋಗುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಎರಡನೇ ವರ್ಷ ರಸ್ತೆ ಬದಿ ಬೇವಿನ ಮರದ ಕೆಳಗೆ ಒಂದು ಟೇಬಲ್, ಒಂದು ಕುರ್ಚಿ ಹಾಕಿಸಿ ಮಜ್ಜಿಗೆ ಕೊಟ್ಟೆ. ಆಮೇಲೆ ಪ್ರತಿ ವರ್ಷ ಕೊಡುತ್ತಿದ್ದೇನೆ.

ನೀವೂ ದಾಸೋಹದ ಕೆಲಸ ಹಿಡಿಯುವುದಾದರೆ ನನ್ನ ಅನುಭವ ಹೇಳುತ್ತೇನೆ. ಹೊತ್ತು ಬೆಳಿಗ್ಗೆ ಏಳರಿಂದ ಎಂಟೂವರೆ, ಬಿಸಿಲು ಏರುವ ಮುಂಚೆ. ಮಾತ್ರೆ ಆರೂಕಾಲಿಗೆ. ಮಾಸ್ಕ್ ಹಾಕಿಕೊಳ್ಳಿ. ಮಜ್ಜಿಗೆ ಕಡೆಯುವುದು, ಕೊಡ ಹೊರುವುದು ಬೇರೆಯವರು ಮಾಡಲಿ, ನೀವು ಲೋಟ ಕೊಡುವುದು ಮಾತ್ರ. ಸ್ಟೀಲ್ ಲೋಟ ಭಾರ, ಪೇಪರ್ ಲೋಟ ತರಿಸಿ. ತುಂಬಾ ತುಂಬಿಸಬೇಡಿ. ತುಂಬಿದ ಲೋಟ ಹತ್ತು ಜನಕ್ಕೆ ಎತ್ತಿ ಕೊಡುವಷ್ಟರಲ್ಲಿ ನನ್ನ ತೋಳು ಸೋಲುತ್ತದೆ. ಅರ್ಧ ಲೋಟ ಆದರೆ ಮೂವತ್ತು ಜನಕ್ಕೆ ಕೊಡಬಹುದು. ಇನ್ನೂ ಬೇಕಾದವರು ಕೇಳುತ್ತಾರೆ, "ಇನ್ನೊಂದು ಸ್ವಲ್ಪ ಹಾಕವ್ವಾ" ಅಂತ.